ಬಿಳಿಯಾದ ಇಪ್ಪತ್ತು

ಮಳೆ ನಿಂತು, ಬೆಳಗಿನ ಹೊತ್ತು ಮಾತಾಡಿದರೆ ಬಾಯಿಂದ ಹಬೆ ಬರಲು ಶುರುವಾದ ಕಾಲ. ಒಂದು ಸೋಮವಾರ, ಮಧ್ಯಾಹ್ನದ ಚಹಾದ ಗಂಟೆ ಹೊಡೆದ ಹೊತ್ತು. ಅದಕ್ಕೂ ಮೊದಲೇ ಶುರುವಾಗಿತ್ತೆಂದು ಆಮೇಲೆ ತಿಳಿಯಿತು. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಅವತ್ತು.

ನಮ್ಮದು ಡಾರ್ಟ್ಸ್ ಬೋರ್ಡು ಮಾಡುವ ಕಾರ್ಖಾನೆ. ಗೋಡೆಗೆ ನೇತುಹಾಕಿ ದೂರದಿಂದ ಕೈಬಾಣ ಎಸೆದು ಆಡುತ್ತಾರಲ್ಲ, ಆ ದುಂಡನೆಯ ಬೋರ್ಡು. ಕತ್ತಾಳೆ ನಾರನ್ನು ಬಾಚಿ, ಹಗ್ಗದ ಹಾಗೆ ಕಟ್ಟಿ, ಎರಡು ಬೆರಳಗಲದ ತುಂಡು ಮಾಡಿ, ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ ಕಬ್ಬಿಣದ ಪಟ್ಟಿಯೊಳಗೆ ಒತ್ತಿ ಕೂರಿಸುತ್ತೇವೆ. ಬಾಣದ ಮೊನೆ ನಾರುಗಳ ನಡುವೆ ಜಾಗ ಮಾಡಿಕೊಂಡು ಒಳಗೆ ಹೋಗುತ್ತದೆ. ಕಿತ್ತರೆ ನಾರು ಮತ್ತೆ ಕೂಡಿಕೊಳ್ಳುತ್ತದೆ. ಒತ್ತುವ ಯಂತ್ರ ನನ್ನ ಪಾಲಿಗೆ. ಕೊನೆಯ ಮೇಜು ಭಾವನದು, ನನ್ನ ಅಕ್ಕನ ಗಂಡ. ನಾನು ಭಾವ ಎನ್ನುತ್ತಿದ್ದೆನೆಂದು ಇಡೀ ಕಾರ್ಖಾನೆಗೇ ಅವರು ಭಾವ ಆಗಿಬಿಟ್ಟಿದ್ದರು. ಬಣ್ಣ ಒಣಗಿದ ಬೋರ್ಡಿಗೆ ತಂತಿಬಲೆ ಬಡಿದು, ಸುತ್ತ ಅಂಕಿಗಳ ಬಳೆ ಸಿಕ್ಕಿಸಿ, ಮೇಲೆ ಒಂದು ಸಲ ಅಂಗೈ ಆಡಿಸಿ, "ಹೋಗಪ್ಪಾ, ಹೋಗಿ ಏಟು ತಿನ್ನು" ಎಂದು ಪೆಟ್ಟಿಗೆ ಕಟ್ಟುವವರ ಕಡೆ ತಳ್ಳುತ್ತಿದ್ದರು.

ಅವರು ಕೆಲಸಕ್ಕೆ ಸೇರಿದಾಗ ಬೋರ್ಡುಗಳೆಲ್ಲ ಮರದವು. ಮರಕ್ಕೆ ಬಿದ್ದ ತೂತು ತಾನಾಗಿ ಮುಚ್ಚುವುದಿಲ್ಲ. ಸಂಜೆ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆಗೆ ಮರ ಉಬ್ಬಿ ತೂತು ಕೂಡಿಕೊಳ್ಳುತ್ತಿತ್ತು. ಕಾರ್ಖಾನೆಯ ಹಿಂದಿನ ತೊಟ್ಟಿಯಿಂದ ಒದ್ದೆ ಬೋರ್ಡು ಎತ್ತಿಡುವುದೇ ಭಾವನ ಮೊದಲ ಕೆಲಸ. ಮೊದಮೊದಲು ಬೋರ್ಡೂ ಇರಲಿಲ್ಲವಂತೆ. ಸಿಪಾಯಿಗಳು ಹೊತ್ತು ಹೋಗದೆ ಪೀಪಾಯಿಯ ತಳಕ್ಕೆ ಮೋಟು ಬಾಣ ಎಸೆಯುತ್ತಿದ್ದರಂತೆ. ಆಮೇಲೆ ಅಡ್ಡ ಕುಯ್ದ ಮರದ ಬಿಲ್ಲೆ ಬಂತಂತೆ. ಇದನ್ನೆಲ್ಲ ಮೇಸ್ತ್ರಿ ಹೇಳುತ್ತಿದ್ದರು. ಅವರಿಗೆ ಯಾರು ಹೇಳಿದ್ದರೋ. ಬೋರ್ಡಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಅಂಕಿಗೊಂದು ಮನೆ. ನೆತ್ತಿಯಲ್ಲಿರುವ ಇಪ್ಪತ್ತರ ಬಲ ಮಗ್ಗುಲಿಗೆ ಒಂದು, ಎಡ ಮಗ್ಗುಲಿಗೆ ಐದು ಇರುತ್ತದೆ. ದೊಡ್ಡದಕ್ಕೆ ಆಸೆಪಟ್ಟು ಕೂದಲೆಳೆ ತಪ್ಪಿದರೆ ಕೈಗೆ ಚಿಪ್ಪು. "ಇದನ್ನ ಹೀಗೆ ಜೋಡಿಸಿದೋನು ಅತ್ತೆ ಮನೇಲಿ ಬಹಳ ದಿನ ಉಳಿದೋನೇ ಇರಬೇಕು" ಎಂದು ಭಾವ ನಗಿಸುತ್ತಿದ್ದರು.

ಚಹಾದ ಕೋಣೆಯಲ್ಲಿ ನಮ್ಮದೇ ಒಂದು ಬೋರ್ಡು ತೂಗುಹಾಕಿತ್ತು. ಅದರ ಎದುರು ನೆಲದಲ್ಲಿ ಹಿತ್ತಾಳೆ ಪಟ್ಟಿ ಕೂರಿಸಿದ ಗೆರೆ. ಪಕ್ಕದಲ್ಲಿ ಕರಿಹಲಗೆ. ಚಹಾ ಕೊಡುವವಳು ಅಕ್ಕ, ಆಟದ ಲೆಕ್ಕ ಬರೆಯುವವಳೂ ಅಕ್ಕನೇ. ಐನೂರ ಒಂದರಿಂದ ಕಳೆಯುತ್ತ ಕಳೆಯುತ್ತ ಸೊನ್ನೆಗೆ ಬರಬೇಕು. ಒಂದು ಸರದಿಗೆ ಮೂರು ಬಾಣ. ಕೊನೆಯ ಬಾಣ ಬೋರ್ಡಿನ ಅಂಚಿನ ಸಣ್ಣ ಮನೆಗೇ ಬೀಳಬೇಕು. ಅಲ್ಲಿ ಅಂಕಿ ಎರಡರಷ್ಟಾಗುತ್ತದೆ, ಅದಕ್ಕೆ ಡಬಲ್ ಎನ್ನುತ್ತಾರೆ. ಜಾಸ್ತಿ ಹೊಡೆದರೆ ಆ ಸರದಿಯೇ ಲೆಕ್ಕಕ್ಕಿಲ್ಲ. ನಾನು ಕಳೆಯುವ ಲೆಕ್ಕ ಕಲಿತದ್ದೇ ಆ ಕರಿಹಲಗೆಯಲ್ಲಿ, ಸ್ಕೂಲಿನಲ್ಲಿ ನಾನು ಅಲ್ಲಿಯವರೆಗೆ ಓದಿರಲಿಲ್ಲ.

ಬರೆಯುವವರಿಗೂ ಕಟ್ಟಳೆಯಿದೆ. ಬಿದ್ದದ್ದೆಷ್ಟು, ಉಳಿದದ್ದೆಷ್ಟು, ಇಷ್ಟನ್ನೇ ಹೇಳಬೇಕು. ಎಲ್ಲಿಗೆ ಎಸೆ, ಹೇಗೆ ಎಸೆ ಎಂದು ತುಟಿ ಅಲುಗಿಸುವಂತಿಲ್ಲ. ಒಮ್ಮೆ ನಾನು ದಾರಿ ಕಾಣದೆ, "ಅಕ್ಕಾ, ಯಾವುದಕ್ಕೆ ಹೊಡೀಲೇ?" ಎಂದು ಪಿಸುಗುಟ್ಟಿದ್ದೆ. "ನಿನ್ನ ಅಕ್ಕ ಮನೇಲಿದಾಳೆ. ಇಲ್ಲಿರೋದು ಬರೆಯೋಳು" ಎಂದುಬಿಟ್ಟಳು. ಕೋಣೆಯೆಲ್ಲ ಗೊಳ್ಳೆಂದಿತು. ಭಾವನಿಗೂ ಅದೇ ನ್ಯಾಯ. ಗಂಡ ಗೆರೆಯ ಮೇಲೆ ನಿಂತರೆ ಅವಳ ಮುಖ ಗೋಡೆಯಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಬೋರ್ಡು ತಿರುಗಿಸುವುದು ರೂಢಿ. ಎಲ್ಲರೂ ಇಪ್ಪತ್ತಕ್ಕೇ ಹೊಡೆಯುವುದರಿಂದ ಆ ಮನೆ ಬೇಗ ಸವೆಯುತ್ತದೆ. ಅಂಕಿಗಳ ಬಳೆ ಬಿಚ್ಚಿ, ಬೋರ್ಡನ್ನು ಸ್ವಲ್ಪ ತಿರುಗಿಸಿ, ಹೊಸ ಮನೆಯೊಂದನ್ನು ನೆತ್ತಿಗೆ ತಂದು, ಇಪ್ಪತ್ತು ಮೇಲೆ ಬರುವಂತೆ ಬಳೆ ಮತ್ತೆ ಸಿಕ್ಕಿಸಬೇಕು. ಮನೆಗಳು ಒಂದು ಕಪ್ಪು, ಒಂದು ಬಿಳಿ. ನೆತ್ತಿಯಲ್ಲಿ ಯಾವಾಗಲೂ ಕಪ್ಪೇ ಬರಬೇಕು. ಇಪ್ಪತ್ತು ಕಪ್ಪು ಎಂಬುದು ಈ ಆಟ ಬಲ್ಲವರಿಗೆಲ್ಲ ತಮ್ಮ ಮನೆಯ ಬಾಗಿಲಿನಷ್ಟು ಗೊತ್ತು. ತಿರುಗಿಸುವ ಕೆಲಸ ಎಷ್ಟೋ ವರ್ಷದಿಂದ ಭಾವನದೇ.

ಅವತ್ತು ಗಂಟೆ ಹೊಡೆದು ನಾವು ಕೈ ಒರೆಸಿಕೊಂಡು ಒಳಗೆ ಬರುವಾಗ ಭಾವ ಆಗಲೇ ಗೆರೆಯ ಮೇಲಿದ್ದರು. ಟೊಕ್, ಟೊಕ್, ಟೊಕ್. ಮೂರೂ ಮೇಲಕ್ಕೆ, ಎಂದಿನ ಹಾಗೆ. ನಾನು ಲೋಟ ಹಿಡಿದು ಬೋರ್ಡು ನೋಡಿದೆ. ಏನೋ ಎಡವಟ್ಟು ಅನಿಸಿತು, ಏನೆಂದು ಹೊಳೆಯಲಿಲ್ಲ. ಬಣ್ಣ ಹಚ್ಚುವ ಹುಡುಗಾಟದವನೊಬ್ಬನಿದ್ದ, ಬಣ್ಣದವನು ಎಂದೇ ಅವನ ಹೆಸರು. ಅವನು ಮೊದಲು ಬಾಯಿಬಿಟ್ಟ.

"ಏನು ಭಾವ, ಇವತ್ತು ಇಪ್ಪತ್ತು ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದೆ?"

ನೆತ್ತಿಯ ಮನೆ ಬೆಳ್ಳಗಿತ್ತು. ಇಡೀ ಬೋರ್ಡು ಅದಲುಬದಲು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿಯುವ ಹೊತ್ತಿಗೆ ಭಾವ ನಕ್ಕರು.

"ನಿಮ್ಮ ಕಣ್ಣು ನೆಟ್ಟಗಿದೆಯಾ ಅಂತ ಪರೀಕ್ಷೆ ಮಾಡ್ದೆ ಕಣ್ರಯ್ಯಾ. ಮೂರು ಬಾಣ ಎಸೆಯೋವರೆಗೂ ಒಬ್ಬನಿಗೂ ಗೊತ್ತಾಗ್ಲಿಲ್ಲ!"

ಮತ್ತೆ ನಗು. ಭಾವ ಬಳೆ ಬಿಚ್ಚಿ, ಬೋರ್ಡು ತಿರುಗಿಸಿ, ಬಳೆ ಸಿಕ್ಕಿಸಿದರು. ಆಮೇಲೆ ಬಣ್ಣದವನ ಕಡೆ ತಿರುಗಿ, "ಈಗ ಸರಿಯಾಯ್ತಾ?" ಎಂದು ಕೇಳಿದರು.

ಆ ಮಾತು ನನ್ನ ಎದೆಗೆ ಬಂದು ನಾಟಿತು. ಭಾವ ಬೋರ್ಡಿನ ವಿಷಯದಲ್ಲಿ ಯಾರನ್ನೂ ಏನನ್ನೂ ಕೇಳಿದವರಲ್ಲ. ಬಳೆಯ ಅಂಕಿಗಳು ತಂತಿಯವು, ಬೆರಳಿಗೆ ಸಿಗುತ್ತವೆ. ಇಪ್ಪತ್ತನ್ನು ತಡವಿ ಹುಡುಕಿ ಮೇಲಿಡಬಹುದು. ಕಪ್ಪು ನಾರು, ಬಿಳಿ ನಾರು ಮಾತ್ರ ಬೆರಳಿಗೆ ಎರಡೂ ಒಂದೇ. ಬೆಳಿಗ್ಗೆ ಅವರು ತಂತಿ ಎಣಿಸಿಕೊಂಡು ತಿರುಗಿಸಿರಬೇಕು, ಒಂದು ತಪ್ಪಿದೆ. ಕೆಲಸದ ಮೇಜಿನಲ್ಲಿ ಈ ತಪ್ಪು ಆಗುವುದಿಲ್ಲ, ಹೊಸ ಬೋರ್ಡಿನ ಪಟ್ಟಿಗೆ ನೆತ್ತಿಯ ಜಾಗದಲ್ಲಿ ನಾನೇ ಒಂದು ಗುರುತು ಕೊರೆದಿರುತ್ತೇನೆ.

ಕೆಲವು ತಿಂಗಳಿಂದ ಭಾವ ಕತ್ತು ಓರೆ ಮಾಡಿ ನೋಡುವುದನ್ನು ನಾವು ಆಡಿಕೊಂಡಿದ್ದೆವು. "ಭಾವಂಗೆ ಈಗ ಜಂಬ, ಯಾರನ್ನೂ ಎದುರಿಗೆ ನೋಡಲ್ಲ" ಎಂದು ನಾನೇ ಅಂದಿದ್ದೆ.

ಸಂಜೆ ಎಲ್ಲರೂ ಹೋದ ಮೇಲೆ ಅಕ್ಕ ಲೋಟ ತೊಳೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಹೇಗೆ ಶುರುಮಾಡಲಿ ಎಂದು ತಿಳಿಯದೆ ಒಣಗಿದ ಲೋಟಗಳನ್ನೇ ಮತ್ತೆ ಒರೆಸತೊಡಗಿದೆ.

"ಅದನ್ನ ಆಗಲೇ ಒರೆಸಿದೀನಿ. ಏನು, ಹೇಳು" ಅಂದಳು.

"ಭಾವನ ಕಣ್ಣು..."

"ಗೊತ್ತು ಕಣೋ." ನಲ್ಲಿ ನಿಲ್ಲಿಸಿದಳು. "ಬೇಸಿಗೆಯಿಂದ ಗೊತ್ತು. ಅನ್ನಕ್ಕೆ ಕೈ ಹಾಕೋಕೆ ಮುಂಚೆ ತಟ್ಟೆ ಅಂಚು ಮುಟ್ಟಿ ನೋಡ್ತಾರೆ. ನೇರ ನೋಡಿದ ಕಡೆ ಹೊಗೆ, ಪಕ್ಕದ್ದೆಲ್ಲ ಕಾಣುತ್ತೆ. ಅದಕ್ಕೇ ನಡೆಯೋದು ಓಡಾಡೋದು ಸಲೀಸು."

"ನಿನಗೆ ಹೇಳಿದ್ರಾ?"

"ಎಲ್ಲಿ ಹೇಳ್ತಾರೆ! ಕಣ್ಣಿನ ಡಾಕ್ಟರ್ ಹತ್ರ ಒಬ್ಬರೇ ಹೋಗಿಬಂದ್ರು. ಆಸ್ಪತ್ರೆಯ ಚೀಟಿ ಹರಿದು ಒಲೆಗೆ ಹಾಕೋದನ್ನ ನೋಡ್ದೆ. ಚಿಕ್ಕ ಮಕ್ಕಳ ಥರ. ವಾಸಿ ಆಗೋ ಹಾಗಿದ್ರೆ ಒಲೆಗೆ ಯಾಕೆ ಹಾಕ್ತಿದ್ರು?"

"ಕೇಳಬಾರದಿತ್ತಾ?"

"ಕೇಳಿದ್ರೆ ಹೌದು ಅಂತಾರೆ. ಹೌದು ಅಂದಮೇಲೆ ಆ ಮೇಜಿಗೆ ಹೇಗೆ ಹೋಗ್ತಾರೆ? ಆ ಗೆರೆ ಮೇಲೆ ಹೇಗೆ ನಿಲ್ತಾರೆ? ಅವರಿಗೆ ಇರೋದು ಇವೆರಡೇ. ನೀನೂ ಸುಮ್ಮನಿರು."

ಸುಮ್ಮನಿದ್ದೆ. ದಿನಾ ಬೆಳಿಗ್ಗೆ ಏನಾದರೂ ನೆಪ ಹೂಡಿ ಭಾವನ ಮೇಜಿನ ಹತ್ತಿರ ಹೋಗುತ್ತಿದ್ದೆ. ತಂತಿಯ ಮೊಳೆ ಎಲ್ಲಾದರೂ ಮೇಲೆದ್ದಿದ್ದರೆ ಹೆಬ್ಬೆರಳಿಂದ ಒತ್ತಿಬಿಡುತ್ತಿದ್ದೆ. ಅಂಥದ್ದು ಸಿಕ್ಕಿದ್ದೂ ಅಪರೂಪವೇ. "ಏನೋ ಬಾಮೈದ, ನನ್ನ ಮೇಲೆ ಇಷ್ಟು ಪ್ರೀತಿ ಯಾವಾಗಿಂದ?" ಎನ್ನುತ್ತಿದ್ದರು. ಅಕ್ಕ ಲೆಕ್ಕವನ್ನು ಸ್ವಲ್ಪ ಗಟ್ಟಿಯಾಗಿ ಕೂಗಿ ಹೇಳತೊಡಗಿದಳು, ಎಲ್ಲರಿಗೂ ಹಾಗೇ ಹೇಳುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಭಾವನ ಕೈಗೆ ದಾರಿ ಅಭ್ಯಾಸವಾಗಿತ್ತು. ಪಾದ ಗೆರೆಗೆ ತಾಗಿಸಿ, ಮೊಣಕೈ ಎತ್ತಿ, ಹಿತ್ತಾಳೆಯ ಬಾಣವನ್ನು ಮೂರು ಬೆರಳಲ್ಲಿ ಹಿಡಿದರೆ ಇಪ್ಪತ್ತಕ್ಕೆ ಅದು ತಾನಾಗಿ ಹೋಗುತ್ತಿತ್ತು. ಆಟದ ಕೊನೆಯ ಡಬಲ್ ಮಾತ್ರ ಬಹಳ ಸಲ ಬೇರೆಯವರ ಪಾಲಾಗುತ್ತಿತ್ತು. "ವಯಸ್ಸಾಯ್ತು" ಎಂದು ನಗುತ್ತಿದ್ದರು.

ಪ್ರತಿ ಚಳಿಗಾಲ ಒಂದು ರಜೆಯ ದಿನ ನಮಗೂ ಹೊಳೆಯಾಚೆಯ ಗಾಜಿನ ಕಾರ್ಖಾನೆಯವರಿಗೂ ಪಂದ್ಯ. ನಮ್ಮ ಕೊನೆಯ ಆಟಗಾರ ಯಾವಾಗಲೂ ಭಾವ. ಆ ಸಲ ಹೇಗಾದರೂ ಅವರನ್ನು ಪಂದ್ಯದಿಂದ ಬಿಡಿಸಬೇಕೆಂದು ಅಕ್ಕನಿಗೆ ಹೇಳಿದೆ. "ನಾನು ಹೇಳಲಾರೆ. ನಿನಗೆ ಬಾಯಿ ಬಂದ್ರೆ ನೀನೇ ಹೇಳು" ಅಂದಳು. ನನಗೂ ಬಾಯಿ ಬರಲಿಲ್ಲ. ಪಂದ್ಯದ ಹಿಂದಿನ ಸಂಜೆ ಭಾವ ಮೆಟ್ಟಿಲ ಮೇಲೆ ಕೂತು ಬಾಣದ ಮೊನೆಗಳನ್ನು ಕಲ್ಲಿಗೆ ಉಜ್ಜುತ್ತ, ಗರಿಗಳನ್ನು ಒಂದೊಂದೇ ತೀಡಿ ನೆಟ್ಟಗೆ ಮಾಡುತ್ತ ಸಿಳ್ಳೆ ಹಾಕುತ್ತಿದ್ದರು. ಅದನ್ನು ಕಂಡ ಮೇಲೆ ಯಾರು ತಾನೆ ಹೇಳುತ್ತಾರೆ.

ಪಂದ್ಯ ನಮ್ಮ ಚಹಾದ ಕೋಣೆಯಲ್ಲೇ ನಡೆಯಿತು. ಎರಡೂ ಕಡೆಯವರು ಸಮಸಮ ಬಂದು, ಕೊನೆಯ ಆಟಕ್ಕೆ ನಿಂತರು. ಗಾಜಿನವರ ಕಡೆ ಒಬ್ಬ ಎಡಗೈಯವನು, ಒಳ್ಳೆಯ ಮನುಷ್ಯ. ಭಾವ ಬಿಡಲೇ ಇಲ್ಲ. ಇಪ್ಪತ್ತರ ಮನೆಗೆ ಬಾಣದ ಮೇಲೆ ಬಾಣ ಹೋಗಿ ಕೂತವು. ಅಕ್ಕ ಕೂಗುತ್ತಿದ್ದಳು, ಸೀಮೆಸುಣ್ಣ ಕಿರುಗುಟ್ಟುತ್ತಿತ್ತು. ಎಡಗೈಯವನಿಗೆ ನಲವತ್ತು ಉಳಿದಿರುವಾಗ ಭಾವ ಮೂವತ್ತೆರಡಕ್ಕೆ ಬಂದು ನಿಂತರು. ಹದಿನಾರರ ಡಬಲ್ ಬಿದ್ದರೆ ಮುಗಿಯಿತು. ಕೈಯಲ್ಲಿ ಮೂರು ಬಾಣ.

ಹದಿನಾರು ಬೋರ್ಡಿನ ಎಡಗಡೆ, ಸ್ವಲ್ಪ ಕೆಳಕ್ಕೆ. ಮೊದಲ ಬಾಣ ತಂತಿಯ ಹೊರಗೆ, ಕಪ್ಪು ಅಂಚಿನಲ್ಲಿ ಚುಚ್ಚಿಕೊಂಡು ನಿಂತಿತು. ಅಲ್ಲಿ ಬಿದ್ದದ್ದಕ್ಕೆ ಲೆಕ್ಕವಿಲ್ಲ.

"ಎಷ್ಟುಳೀತು?" ಭಾವ ಕೇಳಿದರು.

"ಮೂವತ್ತೆರಡು" ಅಂದಳು ಅಕ್ಕ.

ಎರಡನೆಯದೂ ಹೊರಗೆ, ಮೊದಲನೆಯದರ ಮಗ್ಗುಲಲ್ಲೇ. ಎರಡು ಬಾಣವೂ ಎಲ್ಲರ ಕಣ್ಣೆದುರು ನಿಂತಿದ್ದವು. ಇಂಥ ಹೊತ್ತಲ್ಲಿ ಆಡುವವನು ಅವುಗಳನ್ನು ನೋಡಿಯೇ ಮೂರನೆಯದನ್ನು ಸರಿಮಾಡಿಕೊಳ್ಳುತ್ತಾನೆ.

"ಮೂವತ್ತೆರಡು" ಎಂದು ಅಕ್ಕ ಮತ್ತೆ ಹೇಳಿದಳು, ಕೇಳುವ ಮೊದಲೇ.

ಭಾವ ಮೂರನೆಯ ಬಾಣ ಎತ್ತಿದರು. ಇಳಿಸಿದರು. ಕತ್ತು ಎಡಕ್ಕೆ ಓರೆ ಮಾಡಿದರು, ಆಮೇಲೆ ಬಲಕ್ಕೆ. ಕೋಣೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಭಾವ ಮೆಲ್ಲನೆ, ಮನೆಯಲ್ಲಿ ಚಪ್ಪಲಿ ಎಲ್ಲಿದೆ ಎಂದು ಕೇಳುವ ದನಿಯಲ್ಲಿ ಕೇಳಿದರು:

"ಎಲ್ಲಿವೆ ಅವು?"

ಗಾಜಿನವರಲ್ಲಿ ಒಬ್ಬ ತಮಾಷೆಯೆಂದು ನಕ್ಕ. ಎಡಗೈಯವನು ಅವನ ತೋಳು ಹಿಡಿದು ಸುಮ್ಮನಾಗಿಸಿದ. ನಮ್ಮವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಸ್ತ್ರಿ ಕೂತಲ್ಲಿಂದ ಎದ್ದು ನಿಂತರು. ನಾನು ಅಕ್ಕನನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಗೋಡೆಯಾಗಿದ್ದ ಮುಖ ಅದು. ತುಟಿ ಅಲುಗಿತು.

"ಹೊರಗಿವೆ ರೀ. ಎರಡೂ ತಂತಿ ಹೊರಗೆ. ಒಂದು ಬೆರಳು ಬಲಕ್ಕೆ, ಒಂಚೂರು ಮೇಲೆ ಎಸೀರಿ. ಬೀಳುತ್ತೆ."

ಭಾವ ಕದಲಲಿಲ್ಲ. ಬಾಣ ಹಿಡಿದ ಕೈ ನಿಧಾನವಾಗಿ ತೊಡೆಯ ಪಕ್ಕಕ್ಕೆ ಬಂತು.

"ಬರೆಯೋಳು ದಾರಿ ತೋರಿಸಿದ ಮೇಲೆ ಈ ಬಾಣ ನಂದಲ್ಲ" ಅಂದರು.

"ಎಸೀರಿ ಅಣ್ಣಾ," ಎಡಗೈಯವನು ಮುಂದೆ ಬಂದ. "ನಾವ್ಯಾರೂ ಏನೂ ಅನ್ನಲ್ಲ."

"ಅನ್ನಲ್ಲ ಅಂತ ಗೊತ್ತಪ್ಪ. ಅದಕ್ಕೇ ಎಸೆಯಲ್ಲ."

ಭಾವ ಗೆರೆಯಿಂದ ಹಿಂದೆ ಸರಿದು, ಅವನಿಗೆ ಜಾಗ ಬಿಟ್ಟರು. ಅವನು ತಲೆ ತಗ್ಗಿಸಿ ನಿಂತ. ಮೇಸ್ತ್ರಿ, "ಆಡಪ್ಪ, ಆಟ ಮುಗಿಸು" ಎಂದ ಮೇಲೆ ಇಪ್ಪತ್ತರ ಡಬಲ್ಲಿಗೆ ಎಸೆದ. ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಸೊನ್ನೆ ಬರೆದು, ಸೀಮೆಸುಣ್ಣ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಅವಳು ಆ ಕರಿಹಲಗೆ ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಮೂವರೂ ಮನೆಗೆ ನಡೆದೆವು. ಭಾವ ನಡುವೆ. ಬಿಸಿಲು ಇಳಿಯುತ್ತಿತ್ತು.

"ಯಾವತ್ತಿಂದ ಗೊತ್ತು ನಿನಗೆ?" ಭಾವ ಕೇಳಿದರು.

"ಬೇಸಿಗೆಯಿಂದ" ಅಂದಳು ಅಕ್ಕ.

"ಸುಮ್ಮನಿದ್ದೆ."

"ನೀವೂ ಸುಮ್ಮನಿದ್ರಿ."

"ಇವನಿಗೂ ಗೊತ್ತು ಅನ್ನು. ಮೊಳೆ ಒತ್ತೋಕೆ ಬರ್ತಿದ್ದ."

ನಾನು ನೆಲ ನೋಡಿಕೊಂಡು ನಡೆದೆ. ಒಂದು ತಿರುವು ಕಳೆದ ಮೇಲೆ ಅಕ್ಕ, "ನನ್ನ ಮೇಲೆ ಕೋಪಾನಾ?" ಎಂದಳು.

"ಕೋಪ ಅಲ್ಲ ಕಣೇ. ಇನ್ನೊಂದು ಬಾಣ ಇತ್ತು. ತಪ್ಪಿಯೇ ಹೋಗ್ತಿತ್ತೇನೋ. ತಪ್ಪಿದ್ರೆ ತಪ್ಪಿತು ಅಂತ ಇರ್ತಿತ್ತು." ಆಮೇಲೆ, "ನಾನೇ ತಾನೇ ಕೇಳಿದ್ದು. ನಿನ್ನದೇನೂ ಇಲ್ಲ" ಎಂದರು. ಅಕ್ಕ ಅವರ ತೋಳು ಹಿಡಿದುಕೊಂಡಳು. ಅಲ್ಲಿಯವರೆಗೆ ದಾರಿಯಲ್ಲಿ ಅವರ ತೋಳು ಹಿಡಿದವಳಲ್ಲ.

ಮರುದಿನ ಬೆಳಿಗ್ಗೆ ಭಾವ ತಾವೇ ಮೇಸ್ತ್ರಿಯ ಹತ್ತಿರ ಹೋಗಿ, ಮೇಜಿನ ಸುತ್ತಿಗೆ, ಇಕ್ಕಳ ಒಪ್ಪಿಸಿದರು. ಮೇಸ್ತ್ರಿ ಬಹಳ ಹೊತ್ತು ಇಕ್ಕಳವನ್ನು ತೆರೆಯುತ್ತ ಮುಚ್ಚುತ್ತ ಕೂತರು. "ನಾರು ಬಾಚೋ ಕಡೆ ಕೂತ್ಕೊಳ್ಳಯ್ಯಾ. ಅಲ್ಲಿಗೆ ಕೈ ಸಾಕು" ಅಂದರು. ಭಾವ ಆಗಲಿ ಎಂದರು.

ಬಾಚುವ ಸಾಲಿನಲ್ಲಿ ಎಲ್ಲರೂ ಹೆಂಗಸರು. "ಬನ್ನಿ ಭಾವ, ನಮಗೂ ಒಬ್ಬ ಗಂಡುದಿಕ್ಕು ಆಯ್ತು" ಎಂದು ಜಾಗ ಮಾಡಿಕೊಟ್ಟರು. ಭಾವನೂ ಅವರ ಜೊತೆ ನಕ್ಕುಕೊಂಡೇ ಇದ್ದರು. ಚಹಾದ ಗಂಟೆ ಹೊಡೆದಾಗ ಮಾತ್ರ ಎದ್ದು ಬರುವುದು ನಿಧಾನವಾಗುತ್ತ ಹೋಯಿತು. ಬಂದರೂ ಕಿಟಕಿಯ ಹತ್ತಿರ, ಬೋರ್ಡಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಬಾಣ ತಂತಿಗೆ ತಾಗಿ ಬಿದ್ದರೆ ಭುಜ ಸಣ್ಣಗೆ ಅದುರುತ್ತಿತ್ತು. ಎಲ್ಲರೂ ಅವರ ಎದುರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಅಲ್ಲಿ ಸತ್ತವರು ಯಾರೂ ಇರಲಿಲ್ಲ, ಆದರೂ ಹಾಗೆ.

ಚಳಿ ಹರಿದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಬಣ್ಣದವನು ಒಂದು ಕೆಲಸ ಮಾಡಿದ. ಅವನದು ಒಳ್ಳೆಯ ಮನಸ್ಸು, ಅದರಲ್ಲಿ ಎರಡು ಮಾತಿಲ್ಲ. ಹಿತ್ತಾಳೆ ಗೆರೆಗಿಂತ ಎರಡು ಹೆಜ್ಜೆ ಮುಂದೆ, ಬೋರ್ಡಿಗೆ ಹತ್ತಿರ, ನೆಲದ ಮೇಲೆ ದಪ್ಪಗೆ ಹಳದಿ ಬಣ್ಣದಲ್ಲಿ ಇನ್ನೊಂದು ಗೆರೆ ಎಳೆದ. ಮಧ್ಯಾಹ್ನ ಭಾವನನ್ನು ಕೈ ಹಿಡಿದು ಕರೆತಂದ.

"ಬನ್ನಿ ಭಾವ, ಎಷ್ಟು ದಿನ ಆಯ್ತು ನೀವು ಎಸೆದು. ಇಲ್ಲಿ ನಿಂತ್ಕೊಳ್ಳಿ."

ಭಾವ ಕಾಲಿಂದ ನೆಲ ತಡವಿದರು. ಹಿತ್ತಾಳೆ ಪಟ್ಟಿ ಹಿಂದೆ ಉಳಿದದ್ದು ಅವರಿಗೆ ತಕ್ಷಣ ತಿಳಿಯಿತು. ಕತ್ತು ಓರೆ ಮಾಡಿ ಕೆಳಗೆ ನೋಡಿದರು.

"ಇದೇನು, ಹಳದಿ?"

"ನಿಮಗೆ ಅಂತಲೇ. ಇಲ್ಲಿಂದ ನಿಮಗೆ ಕಾಣುತ್ತೆ. ನಾವೆಲ್ಲ ಒಪ್ಪಿಕೊಂಡಿದೀವಿ, ನಿಮ್ಮ ಗೆರೆ ಇದೇ."

ಎಲ್ಲರೂ ಹೌದೌದು ಎಂದರು, ನಾನೂ ಅಂದೆ. ಭಾವ ಬಾಣ ತೆಗೆದುಕೊಂಡರು. ಮೂರನ್ನೂ ಎಸೆದರು, ಒಂದು ಬೋರ್ಡಿನ ನಟ್ಟನಡುವಿನ ಬುಲ್ಲಿನ ಹತ್ತಿರ ಬಿತ್ತು. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಅಷ್ಟು ಚಪ್ಪಾಳೆ ಅವರು ಗೆಲ್ಲುತ್ತಿದ್ದ ಕಾಲದಲ್ಲಿಯೂ ಬಿದ್ದಿರಲಿಲ್ಲ. ಭಾವ ಬಣ್ಣದವನ ಬೆನ್ನು ತಟ್ಟಿ, "ಚೆನ್ನಾಗಿ ಎಳೆದಿದೀಯ ಕಣೋ, ನೆಟ್ಟಗಿದೆ" ಎಂದರು. ಅಕ್ಕ ಚಹಾದ ಪಾತ್ರೆ ಹಿಡಿದು ನಿಂತಿದ್ದವಳು ಒಳಗೆ ಹೋಗಿಬಿಟ್ಟಳು.

ಅವತ್ತು ಸಂಜೆ ಅವರ ಮನೆಗೆ ಹೋದಾಗ ಅಕ್ಕ ಪಾತ್ರೆಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು.

"ನನ್ನ ತಮ್ಮನ ಊರಲ್ಲಿ ಹಗ್ಗ ಹೊಸೆಯೋ ಕೆಲಸ ಇದೆಯಂತೆ" ಎಂದರು ಭಾವ. ಮಂಚದ ಮೇಲೆ ಕೂತಿದ್ದರು. "ಅಲ್ಲಿ ನಾನು ಹಿಂದೆ ಏನಾಗಿದ್ದೆ ಅಂತ ಯಾರಿಗೂ ಗೊತ್ತಿಲ್ಲ. ಅದೇ ವಾಸಿ."

"ಭಾವ, ಪ್ರೀತಿಯಿಂದ ಮಾಡಿದ್ದಲ್ವಾ ಅದು. ಬೇಜಾರು ಮಾಡ್ಕೋಬೇಡಿ."

"ಪ್ರೀತಿ ಅಂತ ನನಗೆ ಕಾಣಲ್ವೇನೋ? ಅದೊಂದು ಚೆನ್ನಾಗಿ ಕಾಣುತ್ತೆ." ನಗಲು ನೋಡಿದರು. "ನಾಳೆ ಮತ್ತೆ ಕರೀತಾನೆ. ಬರಲ್ಲ ಅಂದ್ರೆ ಅವನಿಗೆ ನೋವು. ಹೋದ್ರೆ ಆ ಚಪ್ಪಾಳೆ. ನೀನೇ ಹೇಳು, ದಿನಾ ಹೇಗೆ ತಡೆಯೋದು?"

ನಾನು ಅಕ್ಕನ ಜೊತೆ ಕೂತು ಲೋಟಗಳಿಗೆ ಬಟ್ಟೆ ಸುತ್ತಿದೆ.

ಬೋರ್ಡು ಸಾಗಿಸುವ ಲಾರಿಯಲ್ಲೇ ಅವರ ಸಾಮಾನು ಏರಿಸಿದೆವು. ಬಾಚುವ ಸಾಲಿನ ಹೆಂಗಸರು ಗೇಟಿನವರೆಗೆ ಬಂದರು. ಬಣ್ಣದವನು ಬರಲಿಲ್ಲ, ಅವನು ಬಣ್ಣದ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದ ಎಂದು ಆಮೇಲೆ ಕೇಳಿದೆ. ಡ್ರೈವರನ ಪಕ್ಕದಲ್ಲಿ ಭಾವ, ಅವರ ಪಕ್ಕದಲ್ಲಿ ಅಕ್ಕ. ನಾನು ಕಿಟಕಿಯ ಹತ್ತಿರ ನಿಂತೆ. ಭಾವ ನನ್ನನ್ನು ನೋಡಲು ಮುಖ ಬೇರೆ ಕಡೆ ತಿರುಗಿಸಿಕೊಂಡರು, ಹಾಗೆ ತಿರುಗಿಸಿದರೆ ನಾನು ಕಾಣುತ್ತಿದ್ದೆ. "ಬರ್ತೀವಿ ಕಣೋ" ಅಂದಳು ಅಕ್ಕ. ಲಾರಿ ಹೊರಟಿತು. ಇಬ್ಬರೂ ಹೋದದ್ದು ಗುರುವಾರ, ಬೆಳಗಿನ ಸೈರನ್ ಕೂಗುವ ಮೊದಲು.